ಫಿನೀಷಿಯದವರ ಎತ್ತು, ಅಕ್ಕನ ಕೊಂಬು

ನನಗಾಗ ಎಪ್ಪತ್ತೆರಡು. ಮೂರು ವರ್ಷದ ಹಿಂದಿನ ಮಾತು. ಆ ವರ್ಷ ಯುಗಾದಿ ಕಳೆದ ಮೇಲೆ ಊರಿನಲ್ಲಿ ನನ್ನ ಅಕ್ಕ ತೀರಿಕೊಂಡಳು. ನಾನು ಸಿಂಗಾಪುರದ ಯಿಶುನ್ ಎಂಬ ಬಡಾವಣೆಯಲ್ಲಿ ಮಗಳ ಮನೆಯಲ್ಲಿದ್ದೆ. ಹೋಗಲಾಗಲಿಲ್ಲ. ವಿಮಾನ ಸಿಗುವುದು ಮರುದಿನ, ನಮ್ಮ ಕಡೆ ಅಷ್ಟು ಹೊತ್ತು ಯಾರೂ ಇಟ್ಟುಕೊಂಡು ಕೂರುವುದಿಲ್ಲ. ಸಂಜೆಯೊಳಗೆ ಮಣ್ಣು ಮಾಡಿದರು. ಅಕ್ಕನ ಮಗ ಅದನ್ನು ಫೋನಿನಲ್ಲಿ ತೋರಿಸಿದ. ಗುಂಡಿಯಲ್ಲಿ ಕೂರಿಸಿದ್ದು ಕಂಡಿತು, ವಿಭೂತಿ ಬಳಿದ ಹಣೆ ಕಂಡಿತು, ಆಮೇಲೆ ಯಾರದೋ ಬೆನ್ನು ಅಡ್ಡ ಬಂತು. ಬಂದವರೆಲ್ಲ ಒಂದೊಂದು ಹಿಡಿ ಮಣ್ಣು ಹಾಕಿದರು. ನಾನು ಯಿಶುನ್‌ನ ಅಡುಗೆಮನೆಯಲ್ಲಿ ನಿಂತು ನೋಡಿದೆ. ಫೋನಿಗೆ ಮಣ್ಣು ಹಾಕಲಾಗುತ್ತದೆಯೇ?

ಅತ್ತಿರಾ ಎಂದು ಕೇಳುವವರಿದ್ದಾರೆ. ಅತ್ತೆ. ಅತ್ತು, ಮುಖ ತೊಳೆದು, ಚಪಾತಿ ಮಾಡಿದೆ. ಮೊಮ್ಮಕ್ಕಳು ಹಸಿದಿದ್ದರು. ಆದರೆ ಹಾಕಬೇಕಾದ ಆ ಒಂದು ಹಿಡಿ ನನ್ನ ಕೈಯಲ್ಲೇ ಉಳಿಯಿತು. ತಿಂಗಳಾದರೂ ಇಳಿಯಲಿಲ್ಲ. ಅನ್ನ ಕಲಸುವಾಗ ನೆನಪಾಗುವುದು, ಬಸ್ಸಿನ ಕಂಬಿ ಹಿಡಿದಾಗ ನೆನಪಾಗುವುದು.

ನಮ್ಮಿಬ್ಬರನ್ನು ಒಂದೇ ಮನೆಯ ಅಣ್ಣತಮ್ಮಂದಿರಿಗೆ ಕೊಟ್ಟಿದ್ದರು. ಹಾಗಾಗಿ ಹುಟ್ಟಿದ ಮನೆಯಲ್ಲೂ ಅವಳೇ, ಹೋದ ಮನೆಯಲ್ಲೂ ಅವಳೇ. ಬೈಯಲಿಕ್ಕೂ ಅವಳೇ ಬೇಕು, ಬೈಸಿಕೊಳ್ಳಲಿಕ್ಕೂ ಅವಳೇ ಬೇಕು. ನನ್ನನ್ನು ಎರಡನೆಯ ಇಯತ್ತೆಯವರೆಗೆ ಶಾಲೆಗೆ ಕಳಿಸಿದರು. ಅಕ್ಕ ದನ ಕಾಯಲು ಹೋದಳು. ಅವಳಿಗೆ ಒಂದು ಅಕ್ಷರವೂ ಬರುತ್ತಿರಲಿಲ್ಲ. ಬರುತ್ತದೆಂದು ನಟಿಸುತ್ತಲೂ ಇರಲಿಲ್ಲ.

ಕಾರಹುಣ್ಣಿಮೆ ಮುಗಿದು ಬರುವ ಅಮಾವಾಸ್ಯೆಗೆ ನಮ್ಮ ಕಡೆ ಮಣ್ಣೆತ್ತಿನ ಅಮಾವಾಸ್ಯೆ ಎನ್ನುತ್ತಾರೆ. ಕೆರೆಯಿಂದಲೋ ಹೊಲದಿಂದಲೋ ಜಿಗುಟು ಮಣ್ಣು ತಂದು ಜೋಡಿ ಎತ್ತು ಮಾಡಿ ಪೂಜೆ ಮಾಡುತ್ತೇವೆ. ಹೊಲ ಇದ್ದವರೂ ಮಾಡುತ್ತಾರೆ, ಇಲ್ಲದವರೂ ಮಾಡುತ್ತಾರೆ. ನಮ್ಮ ಮನೆಯಲ್ಲಿ ಹೊಟ್ಟೆ, ಕಾಲು, ಬೆನ್ನ ಮೇಲಿನ ಇಣಿ ನನ್ನ ಪಾಲು. ಮುಖ ಮತ್ತು ಕೊಂಬು ಅಕ್ಕನ ಪಾಲು. ಮದುವೆಯಾಗಿ ಬಂದ ವರ್ಷ ಹಾಗೆ ಹಂಚಿಕೊಂಡೆವು, ಆಮೇಲೆ ಬದಲಾಯಿಸಲಿಲ್ಲ. ನಾನು ಮಾಡಿದ ಹೊಟ್ಟೆ ದಪ್ಪ. "ನಿನ್ನ ಎತ್ತು ತಿಂದು ಮಲಗೂದಷ್ಟ ನೋಡ, ಹೊಲಕ್ಕ ಬರೂದಿಲ್ಲ" ಎಂದು ಅಕ್ಕ ಪ್ರತಿ ವರ್ಷ ಅನ್ನುತ್ತಿದ್ದಳು. ಹಬ್ಬ ಮುಗಿದ ಮೇಲೆ ಎತ್ತುಗಳನ್ನು ನೀರಿಗೆ ಬಿಟ್ಟು ಕರಗಿಸಿ, ಆ ಮಣ್ಣನ್ನು ಹಿತ್ತಿಲಿಗೆ ಹಾಕುತ್ತಿದ್ದೆವು.

ಆ ವರ್ಷ ಅಮಾವಾಸ್ಯೆ ಹತ್ತಿರ ಬಂದಾಗ ನನ್ನ ತಲೆಯಲ್ಲಿ ಒಂದು ಲೆಕ್ಕ ಕೂತಿತು. ಇಲ್ಲೇ ಎತ್ತು ಮಾಡುತ್ತೇನೆ, ಪೂಜೆ ಮಾಡುತ್ತೇನೆ, ಕರಗಿಸುತ್ತೇನೆ. ಆ ಮಣ್ಣಿನಿಂದ ಅಕ್ಕನ ಒಂದು ಹಿಡಿ ಹಾಕುತ್ತೇನೆ. ಸರಿಯೋ ತಪ್ಪೋ ಸ್ವಾಮಿಗಳನ್ನು ಕೇಳಲಿಲ್ಲ. ಕೇಳಿದರೆ ಏನಾದರೂ ಹೇಳಿಯೇ ಹೇಳುತ್ತಾರೆ.

ಆದರೆ ಮಣ್ಣು ಎಲ್ಲಿದೆ? ಈ ಊರಿನಲ್ಲಿ ನೆಲವೆಲ್ಲ ಹುಲ್ಲು ಇಲ್ಲವೆ ಕಾಂಕ್ರೀಟು. ಮೈದಾನದ ಅಂಚಿನಲ್ಲಿ ಒಂದು ಕಡೆ ಕೆಂಪು ಮಣ್ಣು ನೋಡಿಟ್ಟಿದ್ದೆ. ಮಗಳಿಗೆ ಹೇಳಿದೆ.

"ಅವ್ವಾ, ಅಲ್ಲಿ ಅಗಿಬ್ಯಾಡ. ಫೈನ್ ಹಾಕ್ತಾರ" ಎಂದಳು. ಅವಳು ಚಾಂಗಿ ಬಿಸಿನೆಸ್ ಪಾರ್ಕಿನ ಆಫೀಸಿಗೆ ಹೊರಟು ಶೂ ಹಾಕಿಕೊಳ್ಳುತ್ತಿದ್ದಳು. "ಆನ್‌ಲೈನ್ ಆರ್ಡರ್ ಮಾಡ್ತೀನಿ ಬಿಡು."

"ದೇವರನ್ನ ಆನ್‌ಲೈನ್ ತರಸ್ತೀಯೇನ?"

"ದೇವರನ್ನ ಅಲ್ಲ, ಮಣ್ಣು. ದೇವರನ್ನ ನೀನ ಮಾಡ್ಕೊ."

ಮಣ್ಣು ಬಂತು. ಚೀಲ ಬಿಚ್ಚಿದರೆ ತೆಂಗಿನ ನಾರಿನ ಪುಡಿ. ಗಿಡ ಬೆಳೆಸುವುದಂತೆ. ನೀರು ಹಾಕಿ ಹಿಸುಕಿದೆ, ಬೆರಳ ಸಂದಿನಿಂದ ಉದುರಿತು. ಆಗ ಮಗಳೇ ಕೆಳಗೆ ಲಿಫ್ಟಿನ ಹತ್ತಿರ ಅಂಟಿಸಿದ್ದ ಕಾಗದ ಓದಿ ಬಂದು, "ಅವ್ವಾ, ವಾಯ್ಡ್ ಡೆಕ್ಕಿನಾಗ ಸೀನಿಯರ್ಸ್‌ಗೆ ಮಣ್ಣಿನ ಕ್ಲಾಸ್ ಅದ. ಮಣ್ಣು ಅವರ ಕೊಡ್ತಾರ. ಫ್ರೀ" ಎಂದಳು. ವಾಯ್ಡ್ ಡೆಕ್ ಎಂದರೆ ನಮ್ಮ ಕಟ್ಟಡದ ಕೆಳಗೆ ಕಂಬಗಳ ನಡುವೆ ಖಾಲಿ ಬಿಟ್ಟ ಜಾಗ. ಅದರ ಒಂದು ಮೂಲೆಯಲ್ಲಿ ಮುದುಕರಿಗಾಗಿ ಒಂದು ಕೋಣೆ ಇದೆ. ವ್ಯಾಯಾಮ, ಬಿಂಗೋ, ಹಾಡು, ಏನೇನೋ ನಡೆಯುತ್ತದೆ. ಏನು ಕಲಿಸುತ್ತಾರೆ ಎಂದು ನಾನು ಕೇಳಲಿಲ್ಲ. ನನಗೆ ಬೇಕಿದ್ದದ್ದು ಮಣ್ಣು.

ಹೋದೆ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಬೂದು ಮಣ್ಣು, ಒಂದೊಂದು ಮೇಜಿಗೆ ಒಂದೊಂದು ಇಟ್ಟಿಗೆಯಷ್ಟು. ಮುಟ್ಟಿ ನೋಡಿದೆ. ಒಳ್ಳೆಯ ಮಣ್ಣು, ಕಲ್ಲಿಲ್ಲ. ನನ್ನ ಪಕ್ಕದಲ್ಲಿ ನಮ್ಮದೇ ಮಹಡಿಯ ಮಲಯ್ ಅಜ್ಜಿ ಕೂತಿದ್ದಳು. ಅವಳಿಗೆ ಕನ್ನಡ ಬರುವುದಿಲ್ಲ, ನನಗೆ ಮಲಯ್ ಬರುವುದಿಲ್ಲ, ಇಬ್ಬರಿಗೂ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೂ ವರ್ಷಗಳಿಂದ ಮಾತಾಡುತ್ತೇವೆ. ಎದುರಿಗೆ ಒಬ್ಬ ಚೀನಿ ಅಂಕಲ್, ತಲೆಗೆ ಟೋಪಿ, ಬಾಯಿ ಸುಮ್ಮನಿರದು.

ಕಲಿಸುವವಳು ಮೈಸೂರಿನ ಹುಡುಗಿ. ಹುಡುಗಿ ಎಂದರೆ ಮೂವತ್ತೈದು ದಾಟಿದವಳೇ. ಹಳೆಯ ಬರಹಗಳ ಬಗ್ಗೆ ಓದಿದ್ದಾಳೆ. ಗಂಡನಿಗೆ ಆಫೀಸುಗಳ ಬಡಾವಣೆ ಒನ್-ನಾರ್ತ್‌ನಲ್ಲಿ ಕೆಲಸ, ಇವಳಿಗೆ ಇಲ್ಲಿ ಕೆಲಸ ಸಿಕ್ಕಿರಲಿಲ್ಲ. ಮುದುಕರಿಗೆ ಪುಕ್ಕಟೆ ಕಲಿಸುತ್ತಿದ್ದಳು.

"ಆಂಟಿ, ಕನ್ನಡದವ್ರಾ? ಅಯ್ಯೋ, ಸೂಪರ್! ಮುಂದೆ ಬನ್ನಿ, ನಾನು ನಿಮಗೆ ಕನ್ನಡದಲ್ಲೇ ಹೇಳ್ತೀನಿ" ಎಂದಳು.

ಹೇಳಿದಳು. ಬಹಳ ಹಿಂದೆ ಪಶ್ಚಿಮಕ್ಕೆ ಒಂದು ಕಡಲ ದಂಡೆಯಲ್ಲಿ ಫಿನೀಷಿಯದವರು ಎಂಬ ಜನ ಇದ್ದರಂತೆ. ಹಡಗಿನವರು, ವ್ಯಾಪಾರದವರು. ಕಡಲ ಬಸವನಹುಳುವಿನಿಂದ ನೇರಳೆ ಬಣ್ಣ ತೆಗೆದು ಬಟ್ಟೆಗೆ ಹಾಕಿ ಮಾರುತ್ತಿದ್ದರು. ಫಿನೀಷಿಯದವರು ಎಂಬ ಹೆಸರೂ ಅವರು ಇಟ್ಟುಕೊಂಡದ್ದಲ್ಲ, ಕೊಂಡವರು ಇಟ್ಟದ್ದು. ಅವರ ಹತ್ತಿರ ಇಪ್ಪತ್ತೆರಡೇ ಅಕ್ಷರ. ಹೋದ ಹೋದ ಬಂದರಿನಲ್ಲಿ ಆ ಅಕ್ಷರ ಬಿಟ್ಟು ಬಂದರು. ಇಂಗ್ಲಿಷಿನ ಎ ಬಿ ಸಿ ಅಲ್ಲಿಂದಲೇ ಬಂತು, ಅರಬ್ಬಿಯದೂ ಅದೇ ಬಳ್ಳಿಯದು.

"ನಮ್ಮ ಕನ್ನಡದ್ದು?" ಎಂದು ಕೇಳಿದೆ.

"ಇರಬಹುದು ಅಂತ ಕೆಲವರು ಹೇಳ್ತಾರೆ ಆಂಟಿ. ಪಕ್ಕಾ ಇಲ್ಲ."

ಪಕ್ಕಾ ಇಲ್ಲದ್ದನ್ನು ಪಕ್ಕಾ ಇಲ್ಲ ಎಂದಳಲ್ಲ, ಅದಕ್ಕೆ ಅವಳ ಮಾತು ಕೇಳುವ ಮನಸ್ಸಾಯಿತು.

ಆ ಅಕ್ಷರಗಳಿಗೂ ಹಿಂದಿನ ಕತೆ ಒಂದಿದೆಯಂತೆ. ಮರಳುಗಾಡಿನಲ್ಲಿ ಹಸಿರುನೀಲಿ ಕಲ್ಲಿನ ಗಣಿ. ಗಣಿ ಈಜಿಪ್ಟಿನ ದೊರೆಯದು, ಅಲ್ಲಿಗೆ ದುಡಿಯಲು ಬಂದವರು ಬೇರೆ ನಾಡಿನವರು. ದೊರೆಯ ಕಡೆಯವರು ಬಂಡೆಯ ಮೇಲೆಲ್ಲ ನೂರಾರು ಚಿತ್ರ ಕೆತ್ತಿ ಬರೆಯುತ್ತಿದ್ದರು. ಅದನ್ನು ಓದಲು ಕೂಲಿಯವರಿಗೆ ಬರುತ್ತಿರಲಿಲ್ಲ. ಅವರು ಏನು ಮಾಡಿದರೆಂದರೆ, ತಮಗೆ ಗುರುತು ಸಿಕ್ಕ ಕೆಲವು ಚಿತ್ರಗಳನ್ನಷ್ಟೆ ತೆಗೆದುಕೊಂಡು ತಮ್ಮ ಮಾತಿಗೆ ಹೊಂದಿಸಿಕೊಂಡರು. ಎತ್ತು, ಮನೆ, ಬಾಗಿಲು, ನೀರು, ಕಣ್ಣು, ತಲೆ, ಹಲ್ಲು. ಸಾಲಿನಲ್ಲಿ ಮೊದಲನೆಯದು ಎತ್ತು, ಅದಕ್ಕೆ ಅವರ ಮಾತಿನಲ್ಲಿ ಆಲೆಫ್. ಆ ಸೊಲ್ಲಿನ ಮೊದಲ ಸದ್ದಿಗೆ ಎತ್ತಿನ ತಲೆ ಬರೆದರು. ಹಾಗೆ ಅಕ್ಷರ ಆಯಿತು ಎಂದು ಕೆಲವು ಪಂಡಿತರ ಮಾತು.

"ಅಂದ್ರ ಓದು ಬರದವರು ಅಕ್ಷರ ಮಾಡಿದ್ರು" ಎಂದೆ.

"ಹಾಗೇ ಅಂತಾರೆ, ಆಂಟಿ."

"ಮತ್ತ ನಮ್ಮ ಮಾಸ್ತರ ಯಾಕ ಅಷ್ಟು ಬಡದ್ರು?"

ಹುಡುಗಿ ನಕ್ಕು, ಅದನ್ನು ಇಂಗ್ಲಿಷಿನಲ್ಲಿ ಎಲ್ಲರಿಗೂ ಹೇಳಿದಳು. ಚೀನಿ ಅಂಕಲ್ ತನ್ನ ಅಂಗೈ ತೋರಿಸಿ ಬೆತ್ತದ ಏಟಿನ ಅಭಿನಯ ಮಾಡಿದ. ಎಲ್ಲ ಕಡೆಯ ಮಾಸ್ತರರೂ ಒಂದೇ.

ಆ ಫಿನೀಷಿಯದವರ ಬರಹದಲ್ಲಿ ಸ್ವರ ಇರಲಿಲ್ಲವಂತೆ. "ಬರೀ ವ್ಯಂಜನ. ಮನೆ ಅಂತ ಬರೀಬೇಕಾದ್ರೆ ಮ್ ನ್ ಅಂತ ಗೀಚಿ ಬಿಟ್ಬಿಡ್ತಿದ್ರು. ಉಳಿದಿದ್ದು ಓದೋರು ತುಂಬ್ಕೋಬೇಕು" ಎಂದಳು.

"ಓದಾವರಿಗೆ ಗೊತ್ತಿರಲಿಲ್ಲಂದ್ರ?"

"ಮನೆ ಹೋಗಿ ಮೀನಾಗುತ್ತೆ."

ಎಲ್ಲರೂ ಮಣ್ಣು ನಾದಲು ಹಿಡಿದರು. ಅಕ್ಕನ ಮಾತು ಹೀಗೇ ಇತ್ತು. "ಅದನ್ನ ಅಲ್ಲಿಟ್ಟಿಯೇನ?" ಎನ್ನುವಳು. ಯಾವುದನ್ನು, ಎಲ್ಲಿ, ಹೇಳುವುದೇ ಇಲ್ಲ. ಮನೆಯಲ್ಲಿ ಬೇರೆ ಯಾರಿಗೂ ತಿಳಿಯುತ್ತಿರಲಿಲ್ಲ. ನಾನು ಉಪ್ಪಿನ ಗಡಿಗೆಯನ್ನು ನೆಲುವಿನಲ್ಲಿ ಇಟ್ಟಿದ್ದೇನೆ ಎಂದು ಜವಾಬು ಕೊಡುತ್ತಿದ್ದೆ. ತುಂಬಿಕೊಳ್ಳುವವಳು ಈಗಲೂ ಇದ್ದೇನೆ. ಅರ್ಧ ಹೇಳುವವಳು ಇಲ್ಲ.

ಆಮೇಲೆ ನಾನೂ ಮಣ್ಣು ತೆಗೆದುಕೊಂಡು ಕೆಲಸ ಶುರು ಮಾಡಿದೆ. ಹುಡುಗಿ ಹೇಳಿದ್ದು ಹಲಗೆಯಂತೆ ಮಣ್ಣು ತಟ್ಟಿ ಅದರ ಮೇಲೆ ಎತ್ತಿನ ಅಕ್ಷರ ಒತ್ತಿ ಎಂದು. ಅವಳು ಆ ಕಡೆ ಮೇಜು ಸುತ್ತಿ ಬರುವಷ್ಟರಲ್ಲಿ ನಾನು ಒಂದು ಹೊಟ್ಟೆ, ನಾಲ್ಕು ಕಾಲು, ಇಣಿ, ಬಾಲ ಮುಗಿಸಿ ಎರಡನೆಯದಕ್ಕೆ ಕೈ ಹಾಕಿದ್ದೆ.

"ಆಂಟಿ, ಇದೇನಿದು! ಫುಲ್ ಎತ್ತು ಬೇಡ, ಬರೀ ಲೆಟರ್ ಸಾಕು."

"ಬರೀ ತಲಿ ಯಾರರೆ ಪೂಜಾ ಮಾಡ್ತಾರೇನವಾ?"

"ಪೂಜೆ ಅಲ್ಲ ಆಂಟಿ, ಕ್ಲಾಸು. ಸರಿ, ಮಾಡಿ. ಆದ್ರೆ ಎರಡ್ಯಾಕೆ?"

"ಒಂಟೆತ್ತಿಗೆ ನೊಗ ಯಾರು ಕಟ್ತಾರ?"

ಅವಳು ಕೈ ಮುಗಿದು ಮುಂದೆ ಹೋದಳು. ಮಲಯ್ ಅಜ್ಜಿ ನನ್ನ ಕೈಯನ್ನೇ ನೋಡುತ್ತಿದ್ದಳು. "ಲೆಂಬು" ಎಂದಳು, ಮೆಲ್ಲಗೆ ಬೆನ್ನು ಸವರಿದಳು. ಅವರ ಮಾತಿನಲ್ಲಿ ದನ ಎಂದು.

ಕೊಂಬಿನ ಹತ್ತಿರ ಬಂದಾಗ ಕೈ ನಿಂತಿತು. ಅದು ನಾನು ಮಾಡಿದ್ದೇ ಇಲ್ಲ. ಎರಡು ಸಣ್ಣ ಬತ್ತಿ ಹೊಸೆದು ತಲೆಗೆ ಅಂಟಿಸಿದೆ. ಬಿದ್ದವು. ಮತ್ತೆ ಅಂಟಿಸಿದೆ. ಒಂದು ನಿಂತಿತು, ಇನ್ನೊಂದು ಜೋಲು ಬಿತ್ತು.

"ಆಂಟಿ, ದಿಸ್ ಒನ್ ಗೋಟ್ ಲಾ!" ಎಂದ ಎದುರಿನ ಅಂಕಲ್. ಮೇಕೆಯ ಹಾಗೆ ಕೂಗಿಯೂ ತೋರಿಸಿದ. ಕೋಣೆಯೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಅಷ್ಟು ವರ್ಷ ಒಂದೇ ಮಣೆಯ ಮೇಲೆ ಕೂತು, ಅಕ್ಕ ಕೊಂಬು ಹೇಗೆ ಮಾಡುತ್ತಿದ್ದಳು ಎಂದು ಒಂದು ದಿನವೂ ನೋಡಿರಲಿಲ್ಲ. ನೋಡುವುದೇಕೆ? ಅವಳು ಇದ್ದಳಲ್ಲ.

ಆಗ ಮೈಸೂರಿನ ಹುಡುಗಿ ಬೋರ್ಡಿನ ಮೇಲೆ ಆ ಅಕ್ಷರ ದೊಡ್ಡದಾಗಿ ಬರೆದಳು. ಒಂದು ಕಡ್ಡಿಯನ್ನು ನಡುವೆ ಮಡಿಸಿ ಮಲಗಿಸಿದ ಹಾಗೆ ಎರಡು ಗೀರು, ಮಡಿಕೆ ಎಡಕ್ಕೆ. ಅದರ ಮೇಲೆ ಹಾಯುವಂತೆ ಉದ್ದಕ್ಕೊಂದು ಗೀರು. "ಇಲ್ಲಿ ಮಡಚಿದೆಯಲ್ಲ, ಇದು ಎತ್ತಿನ ಮೂತಿ. ಈ ಗೀಟು ದಾಟಿ ಆಚೆ ಬಂದಿರೋ ತುದಿಗಳು ಕೊಂಬು" ಎಂದಳು. ಮಲಯ್ ಅಜ್ಜಿ ಕುರಾನು ಓದುವವಳು, "ಅಲಿಫ್, ಅಲಿಫ್" ಎಂದು ತಲೆಯಾಡಿಸಿದಳು.

ನಾನು ನೋಡಿದೆ. ನನ್ನ ಕಣ್ಣಿಗೆ ಅಕ್ಷರ ಕಾಣಲಿಲ್ಲ, ಅಕ್ಕನ ಬೆರಳು ಕಂಡಿತು. ಅವಳು ಎರಡು ಕೊಂಬು ಬೇರೆ ಬೇರೆ ಮಾಡುತ್ತಲೇ ಇರಲಿಲ್ಲ. ಒಂದೇ ಉದ್ದ ಬತ್ತಿ ಹೊಸೆದು ನಡುವೆ ಮಡಿಸುವಳು. ಮಡಿಸಿದ ಕಡೆ ಚಿವುಟಿದರೆ ಮೂತಿ. ಮೇಲೊಂದು ಸಣ್ಣ ಬತ್ತಿ ಅಡ್ಡ ಒತ್ತಿದರೆ ಎರಡು ಕಡೆಗೂ ಕಿವಿ. ದಾಟಿ ಉಳಿದ ತುದಿಗಳನ್ನು ಮೇಲಕ್ಕೆ ಎತ್ತಿದರೆ ಕೊಂಬು. ಮುಖವೂ ಕೊಂಬೂ ಒಂದೇ ತುಂಡಾದ ಮೇಲೆ ಬೀಳುವುದೆಲ್ಲಿಂದ ಬಂತು? ನೋಡಿಲ್ಲ ಎಂದುಕೊಂಡಿದ್ದೆ. ಓರೆಗಣ್ಣಿನಲ್ಲಿ ನೋಡಿದ್ದೆ, ಅಷ್ಟೆ. ಅದನ್ನು ಹೊರಗೆ ತೆಗೆಯಲು ಗೊತ್ತಿಲ್ಲದ ಜನರ ಅಕ್ಷರ ಬೇಕಾಯಿತು.

ಎರಡು ತಲೆ ಮಾಡಿದೆ. ಕೊಂಬು ನಿಂತವು. ಆ ಗಣಿಯ ಕೂಲಿಯವನೂ ದನ ಕಾಯ್ದವನೇ ಇರಬೇಕು. ಇಲ್ಲದಿದ್ದರೆ ಎಲ್ಲ ಬಿಟ್ಟು ಎತ್ತನ್ನು ಮೊದಲು ಯಾಕೆ ಇಡುತ್ತಾನೆ?

"ನೌ ಕೌ" ಎಂದ ಅಂಕಲ್. ದೊಡ್ಡ ಸರ್ಟಿಫಿಕೇಟು ಕೊಟ್ಟವನಂತೆ.

ಕೈ ತೊಳೆಯಲು ನಲ್ಲಿಗೆ ಹೋಗಿ ಬರುವಷ್ಟರಲ್ಲಿ ಎಲ್ಲರ ಮಣ್ಣನ್ನೂ ದೊಡ್ಡ ತಟ್ಟೆಗಳಲ್ಲಿ ಜೋಡಿಸಿ ಆಗಿತ್ತು. ಒಣಗಲು ಇಡುತ್ತಾರೆ, ನಾಳೆ ಬಂದು ಒಯ್ದರಾಯಿತು ಎಂದುಕೊಂಡು ಮೇಲೆ ಬಂದೆ. ಮಗಳು ಸಂಜೆ ಬಂದಾಗ ಹೇಳಿದೆ. ಅವಳು ಮುಖ ಸಣ್ಣಗೆ ಮಾಡಿದಳು.

"ಅವ್ವಾ, ಆ ನೋಟೀಸಿನಾಗ ಬರದಿತ್ತು. ಎಲ್ಲಾ ಭಟ್ಟಿಗೆ ಹಾಕಿ ಸುಡ್ತಾರ. ಆಮೇಲೆ ಕೆಳಗ ಕಪಾಟಿನ್ಯಾಗ ಜೋಡಿಸಿ ಇಡ್ತಾರ."

"ಯಾವಾಗ ಸುಡ್ತಾರ?"

"ನನಗೇನ ಗೊತ್ತು?"

"ನೀನ ಓದಿದಾಕಿ, ನನಗ ಹೇಳಬೇಕಿಲ್ಲೇನ?"

"ನೀ ಮಣ್ಣು ಅಂದಕೂಡ್ಲೆ ಚಪ್ಪಲಿ ಹಾಕ್ಕೊಂಡಿ. ಕೇಳಾಕ ಎಲ್ಲಿ ನಿಂತಿ?"

ಅದೂ ನಿಜ. ಆದರೆ ಸುಟ್ಟ ಎತ್ತು ಕರಗುವುದಿಲ್ಲ. ಕಪಾಟಿನಲ್ಲಿ ನಿಂತುಕೊಂಡು ನಾನು ಸತ್ತ ಮೇಲೂ ನೋಡುತ್ತಿರುತ್ತದೆ. ನನ್ನ ಒಂದು ಹಿಡಿ ಮಣ್ಣನ್ನು ಬೆಂಕಿಗೆ ಹಾಕಿದ ಹಾಗೆ ಆಯಿತು. ಮತ್ತೆ ಮಾಡಲು ಮಣ್ಣಿಲ್ಲ, ಅಮಾವಾಸ್ಯೆ ಕಾಯುವುದಿಲ್ಲ. ಆ ಹುಡುಗಿಗೆ ಫೋನ್ ಮಾಡು ಎಂದೆ. ಮಗಳು ಕೆಳಗಿನ ಸೆಂಟರಿನವರನ್ನು ಕೇಳಿ ನಂಬರು ಹುಡುಕಿ ಮಾಡಿದಳು, ಸ್ಪೀಕರಿಗೆ ಹಾಕಿದಳು. ಎತ್ತು ಸುಡಬೇಡ ಎಂದೆ.

"ಆಂಟಿ, ಸುಟ್ರೆ ತಾನೇ ಉಳಿಯೋದು" ಎಂದಳು ಆ ಹುಡುಗಿ. "ಫಿನೀಷಿಯದವರು ಬರೆದ ಪುಸ್ತಕ ಒಂದೂ ಸಿಕ್ಕಿಲ್ಲ ಗೊತ್ತಾ? ಕಾಗದದಂಥ ಹಾಳೆ ಮೇಲೆ ಬರೀತಿದ್ರು, ಕಡಲ ತೇವಕ್ಕೆ ಎಲ್ಲಾ ಕೊಳೆತು ಹೋಯ್ತು. ಕಲ್ಲಿನ ಮೇಲೆ ಕೆತ್ತಿದ ಚೂರುಪಾರು ಅಷ್ಟೇ ಉಳಿದಿರೋದು. ಊರಿಗೆಲ್ಲಾ ಅಕ್ಷರ ಕೊಟ್ಟವರದ್ದೇ ಕತೆ ಇಲ್ಲ, ಹಾಡಿಲ್ಲ. ನನಗೆ ಅದನ್ನ ನೆನೆಸಿಕೊಂಡ್ರೆ ಹೊಟ್ಟೆ ಉರಿಯುತ್ತೆ. ಅದಕ್ಕೇ ನಾನು ಎಲ್ಲದನ್ನೂ ಸುಡ್ಸೋದು."

ಅವಳ ಹೊಟ್ಟೆಯುರಿ ಸುಳ್ಳಲ್ಲ. ಸತ್ತು ಅಷ್ಟು ಕಾಲವಾದ ಜನಕ್ಕಾಗಿ ಒಬ್ಬಳು ಯಿಶುನ್‌ನಲ್ಲಿ ಕೂತು ಸಂಕಟಪಡುತ್ತಾಳೆ ಎಂದರೆ ನಾನು ನಗುವುದಿಲ್ಲ. ಆದರೆ ನನ್ನ ಸಂಕಟ ಬೇರೆ.

"ನನಗ ಉಳಿಯೂದು ಬ್ಯಾಡವಾ, ಕರಗೂದು ಬೇಕು" ಎಂದೆ. ಅಕ್ಕನ ವಿಷಯ ಹೇಳಿದೆ. ಉದ್ದ ಹೇಳಲಿಲ್ಲ. ಸತ್ತಳು, ಹೋಗಲಾಗಲಿಲ್ಲ, ಒಂದು ಹಿಡಿ ಹಾಕಬೇಕು.

ಹುಡುಗಿ ದನಿ ಇಳಿಸಿ ಹೇಳಿದಳು: "ಆಂಟಿ, ಬೇಜಾರು ಮಾಡ್ಕೋಬೇಡಿ, ಒಂದು ವಿಷಯ ಹೇಳಿರಲಿಲ್ಲ. ಕ್ಲಾಸ್ ಮುಗಿದ ಕೂಡ್ಲೇ ಎಲ್ಲಾ ಭಟ್ಟಿಗೆ ತಗೊಂಡು ಹೋಗಿದ್ದೆ, ನಿಮ್ಮ ಎತ್ತುಗಳನ್ನ ಮಾತ್ರ ಅವರು ವಾಪಸ್ ಕಳಿಸಿಬಿಟ್ರು. ಹೊಟ್ಟೆ ತುಂಬಾ ದಪ್ಪ, ಒಳಗೆ ಟೊಳ್ಳು ಮಾಡಿಲ್ಲ. ಸುಟ್ರೆ ಒಡೆದು ಪಕ್ಕದ್ದನ್ನೂ ಹಾಳು ಮಾಡುತ್ತೆ ಅಂದ್ರು. ನಿಮಗೆ ಹೇಗೆ ಹೇಳೋದು ಅಂತ ನಮ್ಮನೆ ಕಿಟಕಿಯಲ್ಲಿ ಇಟ್ಕೊಂಡಿದ್ದೀನಿ."

ಮಗಳು ಸ್ಪೀಕರಿಗೆ ಕೈ ಅಡ್ಡ ಇಟ್ಟು ನಕ್ಕಳು. "ಫೇಲ್ ಆದಿ, ಅವ್ವಾ."

"ಆಗ್ಲೇಳು. ಮೊದಲೇನು ಪಾಸಾಗಿದ್ನೆ?"

ಹುಡುಗಿ ತಾನೇ ತಂದು ಕೊಟ್ಟಳು, ಹಳೆಯ ಟವೆಲಿನಲ್ಲಿ ಸುತ್ತಿ, ಮಗುವನ್ನು ಎತ್ತಿಕೊಂಡ ಹಾಗೆ. ಒಣಗಿ ಬಿಳಿಚಿದ್ದವು. ಒಂದು ಬಾಲ ಮುರಿದಿತ್ತು. ಕೊಂಬು ನಾಲ್ಕೂ ಗಟ್ಟಿಯಾಗಿದ್ದವು. ಹೋಗುವಾಗ ಕೇಳಿದಳು: "ಒಂದು ಫೋಟೋ ತೆಗೀಲಾ ಆಂಟಿ? ಇಷ್ಟಾದ್ರೂ ಇರ್ಲಿ." ತೆಗೆದುಕೋ ಎಂದೆ. ಅವಳಿಗೂ ಏನಾದರೂ ಉಳಿಯಬೇಕಲ್ಲ.

ಅಮಾವಾಸ್ಯೆಯ ದಿನ ಮಣೆ ಹಾಕಿ ಎತ್ತು ಎರಡನ್ನೂ ನಿಲ್ಲಿಸಿದೆ. ಕುಂಕುಮ, ವಿಭೂತಿ, ಪೂಜೆಯ ಹೂವು ಲಿಟ್ಲ್ ಇಂಡಿಯಾದಿಂದ ಮಗಳು ತಂದದ್ದು. ಕಡುಬು ಮಾಡಿದೆ. ಮಲಯ್ ಅಜ್ಜಿ ಬಾಗಿಲಲ್ಲಿ ನಿಂತು ನೋಡಿದಳು. ನೈವೇದ್ಯ ಕೊಡಲು ಹೋದರೆ, ಪೂಜೆಗೆ ಇಟ್ಟದ್ದು ಬೇಡ ಎಂದು ಕೈಯಲ್ಲೇ ಹೇಳಿದಳು. ಒಲೆಯ ಹತ್ತಿರ ಬೇರೆ ಇತ್ತು, ಅದನ್ನು ಕೊಟ್ಟೆ. ತಿಂದಳು, ಇನ್ನೊಂದು ಕೇಳಿ ತಿಂದಳು. ನಾಳೆ ಇವನ್ನು ನೀರಿಗೆ ಬಿಟ್ಟು ಮಣ್ಣಿಗೆ ಹಾಕಬೇಕು, ಮನೆಯಲ್ಲಿ ಕುಂಡವಿಲ್ಲ ಎಂದು ಸನ್ನೆ ಮಾಡಿದೆ. ನನ್ನ ಮಗಳು ಸೊಳ್ಳೆಗೆ ಹೆದರಿ ಒಂದು ಕುಂಡವನ್ನೂ ಇಟ್ಟಿಲ್ಲ. ಆ ಅಜ್ಜಿಯ ಮನೆ ಮುಂದೆ ಸಾಲಾಗಿ ಪಾಂಡಾನ್, ಅವರು ಅನ್ನದ ಘಮಕ್ಕೆ ಹಾಕುವ ಎಲೆ. ಅವಳು ತನ್ನ ಎದೆ ಮುಟ್ಟಿಕೊಂಡು, ಆ ಕಡೆ ತೋರಿಸಿದಳು.

ಎಲ್ಲರೂ ಕೆಲಸಕ್ಕೆ, ಶಾಲೆಗೆ ಹೋಗಿದ್ದರು. ಎತ್ತುಗಳ ಮುಂದೆ ಕೂತೆ. ಎಡಗಡೆಯದು ನಿನ್ನದು, ಬಲಗಡೆಯದು ನನ್ನದು ಎಂದು ಅಕ್ಕನಿಗೆ ನಾನು ಹೇಳುವ ಪದ್ಧತಿ. ಹೇಳಲು ಬಾಯಿ ತೆರೆದೆ. ಯಾರಿಗೆ ಹೇಳುವುದು? ಹೊಟ್ಟೆ ದಪ್ಪ ಇದೆ, ಅದನ್ನಾದರೂ ಅನ್ನು ಎಂದೆ. ಕೆಳಗೆ ಆಟದ ಮೈದಾನದಲ್ಲಿ ಯಾರದೋ ಮಗು ಕೂಗುತ್ತಿತ್ತು, ಫ್ಯಾನು ತಿರುಗುತ್ತಿತ್ತು. ದೀಪ ಆರುವ ತನಕ ಕೂತೆ. ಕಡುಬು ಒಂದೇ ತಿಂದೆ.

ಮರುದಿನ ಬೆಳಿಗ್ಗೆ ಬಕೆಟ್ಟಿಗೆ ನೀರು ಹಿಡಿದು ಎರಡನ್ನೂ ಒಟ್ಟಿಗೆ ಇಳಿಸಿದೆ. ಒಣ ಮಣ್ಣು ನೀರು ಕುಡಿಯುವ ಸದ್ದು ಸಣ್ಣಗೆ ಬಂತು, ಗುಳ್ಳೆ ಎದ್ದವು. ಕೊಂಬು ಮೊದಲು ಹೋದವು, ನೋಡುನೋಡುತ್ತಲೇ. ಆಮೇಲೆ ಕಿವಿ, ಮೂತಿ. ಹೊಟ್ಟೆಗಳು ಬಹಳ ಹೊತ್ತು ಹಾಗೇ ಕೂತಿದ್ದವು, ಕೈ ಹಾಕಿ ಹಿಸುಕಬೇಕಾಯಿತು. ನಾನೂ ಮಲಯ್ ಅಜ್ಜಿಯೂ ಬಕೆಟ್ಟಿನ ಹಿಡಿಯನ್ನು ಎರಡು ಕಡೆ ಹಿಡಿದು ಅವಳ ಬಾಗಿಲಿಗೆ ಒಯ್ದೆವು. ನಾನು ಬಗ್ಗಿಸಿ ಸುರಿಯಲಿಲ್ಲ. ಪಾಂಡಾನ್ ಬುಡಕ್ಕೆ ಒಂದು ಹಿಡಿ ಹಾಕಿದೆ. ಉಳಿದದ್ದನ್ನು ಬೇರೆ ಕುಂಡಗಳಿಗೆ ಹಂಚಿ, ಬಕೆಟ್ ತೊಳೆದು ಬೋರಲು ಹಾಕಿದೆ.